ಫ್ಯಾಷನ್ ಡಿಸೈನ್ ಪ್ರವೇಶ ಪ್ರಬಂಧ ತಿದ್ದಿಕೊಡುವ ಸೇವೆಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಫ್ಯಾಷನ್ ಡಿಸೈನ್ ಓದಲು ಅರ್ಜಿ ಹಾಕುವವರ ಪ್ರಬಂಧಕ್ಕೆ ನೆರವಾಗುತ್ತೇವೆ ಎನ್ನುವ ಸೇವೆಗಳು ಆನ್‌ಲೈನಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯವು: ಮಾದರಿ ಪ್ರಬಂಧಗಳ ಸಂಗ್ರಹ, ಭಾಷೆ ತಿದ್ದುವ ಸೇವೆ, ಎಐ ಬರವಣಿಗೆ ಸಾಧನ, ಮತ್ತು ಬಟ್ಟೆಯ ಕೆಲಸ ಬಲ್ಲವರು ಓದಿ ಟಿಪ್ಪಣಿ ಬರೆದುಕೊಡುವ ಸೇವೆ. ದುಡ್ಡು ಕೊಡಲು ಯೋಗ್ಯವಾದದ್ದು ಕೊನೆಯದೊಂದೇ. ಅದರಲ್ಲೂ ನಿಮ್ಮ ಬರಹವನ್ನು ತಾವೇ ತಿದ್ದಿ ಬರೆದು ಕಳಿಸುವವರನ್ನು ಬಿಟ್ಟು, ಅಂಚಿನಲ್ಲಿ ಪ್ರಶ್ನೆಗಳನ್ನು ಬರೆದು ವಾಪಸು ಮಾಡುವವರನ್ನು ಹುಡುಕಬೇಕು.

ಈ ಪ್ರಬಂಧ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸಗಳ ಚಿತ್ರಸಂಗ್ರಹ ಇರುತ್ತದೆ. ನ್ಯೂಯಾರ್ಕಿನ ವಿನ್ಯಾಸ ಶಾಲೆ ಪಾರ್ಸನ್ಸ್ 8ರಿಂದ 12 ಚಿತ್ರ ಕೇಳುತ್ತದೆ, ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ 12ರಿಂದ 20. ಉಡುಪು ಹೇಗೆ ಕಾಣುತ್ತದೆ ಎಂಬುದು ಆ ಚಿತ್ರಗಳಲ್ಲೇ ಇದೆ. ಚಿತ್ರದಲ್ಲಿ ಕಾಣದ್ದನ್ನು ಪ್ರಬಂಧ ಹೇಳಬೇಕು: ಮೊದಲು ಯಾವ ಬಟ್ಟೆ ತೆಗೆದುಕೊಂಡಿರಿ, ಎಲ್ಲಿ ಎಳೆಯಿತು, ಯಾಕೆ ಬಿಚ್ಚಿದಿರಿ, ಬಿಚ್ಚಿದ ಮೇಲೆ ಏನು ಬದಲಾಯಿತು. ಪ್ರವೇಶ ಸಮಿತಿಯಲ್ಲಿ ಕೂರುವವರಲ್ಲಿ ಬಹಳಷ್ಟು ಜನ ಸ್ಟುಡಿಯೊದಲ್ಲಿ ಪಾಠ ಹೇಳುವವರೇ. ಸರಿಯಾಗಿ ಕೂರದ ತೋಳನ್ನು ಕಂಡು ಯಾಕೆ ಹೀಗಾಯಿತು ಎಂದು ಯೋಚಿಸುವ ವಿದ್ಯಾರ್ಥಿ ಅವರಿಗೆ ಬೇಕು. ಸೇವೆಯೊಂದನ್ನು ಅಳೆಯುವಾಗ ನಾವು ಹಿಡಿದ ಅಳತೆಯೂ ಇದೇ: ಇದನ್ನು ಬಳಸಿದ ಮೇಲೆ ಆ ಯೋಚನೆ ಬರಹದಲ್ಲಿ ಹೆಚ್ಚು ಕಾಣುತ್ತದೆಯೇ, ಕಡಿಮೆಯೇ?

ಮಾದರಿ ಪ್ರಬಂಧಗಳ ಸಂಗ್ರಹದಿಂದ ಕಡಿಮೆಯೇ ಆಗುತ್ತದೆ. ಎರಡು ಮೂರು ಮಾದರಿ ಓದಿದರೆ ಉದ್ದ, ಧಾಟಿಗಳ ಅಂದಾಜು ಸಿಗುತ್ತದೆ, ಅಲ್ಲಿಗೆ ಸಾಕು. ಹತ್ತು ಓದಿದವರ ಆರಂಭದ ಸಾಲು ಅವೇ ಮಾದರಿಗಳ ಸಾಲಿನಂತೆ ಕೇಳಿಸತೊಡಗುತ್ತದೆ, ಎಷ್ಟೋ ಸಲ ಬರೆದವರಿಗೇ ಅದರ ಅರಿವಿರುವುದಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ನಿರ್ವಹಿಸುವ ಯೂಕ್ಯಾಸ್ ಸಂಸ್ಥೆ 2007ರಲ್ಲಿ ಅರ್ಜಿದಾರರ ಬರಹಗಳನ್ನು ಹೋಲಿಸಿ ನೋಡಿದಾಗ, ಎಂಟನೇ ವಯಸ್ಸಿನಲ್ಲಿ ಪೈಜಾಮ ಸುಟ್ಟು ತೂತಾದ ಒಂದೇ ಕಥೆ 234 ಬರಹಗಳಲ್ಲಿ ಸಿಕ್ಕಿತ್ತು. ಎಲ್ಲರೂ ಒಂದೇ ಮಾದರಿಯಿಂದ ಎತ್ತಿಕೊಂಡಿದ್ದರು. ಇಂದು ಬರುವ ಬರಹಗಳೂ ಹಳೆಯ ಬರಹಗಳ ಜೊತೆ ಹೋಲಿಕೆಯ ತಪಾಸಣೆಗೆ ಒಳಗಾಗುತ್ತವೆ. ಇನ್ನೊಂದು ಅಪಾಯವನ್ನು ಯಾರೂ ಗಮನಿಸುವುದಿಲ್ಲ: ಕೆಲವು ತಿದ್ದುವ ಸೇವೆಗಳು ಗ್ರಾಹಕರ ಪ್ರಬಂಧವನ್ನೇ ಮುಂದೆ ಮಾದರಿಯಾಗಿ ಹಾಕಿಕೊಳ್ಳುವ ಹಕ್ಕನ್ನು ಷರತ್ತುಗಳಲ್ಲಿ ಬರೆದುಕೊಂಡಿರುತ್ತವೆ. ಅಂಥ ಷರತ್ತಿದ್ದರೆ ಒಪ್ಪಬೇಡಿ. ಈ ವರ್ಷ ಸೀಟು ಸಿಗದೆ ಮುಂದಿನ ವರ್ಷ ಅದೇ ವಿಷಯ ಬರೆದರೆ, ನಿಮ್ಮದೇ ಸಾಲು ಬೇರೆಯವರ ಅರ್ಜಿಯಲ್ಲಿ ಮೊದಲೇ ಬಂದು ಕೂತಿರಬಹುದು.

ಭಾಷೆ ತಿದ್ದುವ ಸೇವೆಗಳ ಮೇಲೆ ನಮ್ಮ ದೂರು ದೊಡ್ಡದು, ಏಕೆಂದರೆ ಇವು ಪ್ರಾಮಾಣಿಕವಾಗಿ ಕೆಲಸ ಮಾಡಿಯೂ ಕೆಡಿಸುತ್ತವೆ. ವ್ಯಾಕರಣ, ಕಾಗುಣಿತ, ವಾಕ್ಯದ ಓಟ ಎಲ್ಲ ಸರಿಹೋಗುತ್ತದೆ, ಬಟ್ಟೆ ಮಾಯವಾಗುತ್ತದೆ. ಒಬ್ಬ ಅರ್ಜಿದಾರರ ಕರಡು ಹೀಗಿದೆ ಎಂದುಕೊಳ್ಳಿ: "ಬಾಲ್ಯದಿಂದಲೂ ನನಗೆ ಬಟ್ಟೆಗಳೆಂದರೆ ಇಷ್ಟ. ಹಳೆಯ ಪರದೆಯಿಂದ ಒಂದು ಜಾಕೆಟ್ ಹೊಲಿದೆ. ತೋಳು ಸರಿಬರಲಿಲ್ಲ, ಮತ್ತೆ ಹೊಲಿದೆ. ತಾಳ್ಮೆ ಕಲಿತೆ." ಭಾಷೆ ತಿದ್ದುವವರ ಕೈಯಿಂದ ಇದು ಹೀಗೆ ಬರುತ್ತದೆ: "ಎಳವೆಯಿಂದಲೇ ವಸ್ತ್ರವಿನ್ಯಾಸದತ್ತ ನನಗೆ ಅದಮ್ಯ ಸೆಳೆತ. ಸುಸ್ಥಿರತೆಯ ಕನಸು ಹೊತ್ತು ಹಳೆಯ ಪರದೆಯೊಂದಕ್ಕೆ ಹೊಸ ಜೀವ ತುಂಬಿದೆ. ಎದುರಾದ ಸವಾಲುಗಳು ನನ್ನನ್ನು ಪಕ್ವಗೊಳಿಸಿದವು." ಕರಡಿನಲ್ಲಿ ಬೆಲೆಯಿದ್ದದ್ದು ಒಂದೇ ಸಾಲು, ತೋಳು ಸರಿಬರಲಿಲ್ಲ ಎಂಬುದು. ತಿದ್ದಿದವರು ಮೊದಲು ತೆಗೆದದ್ದು ಅದನ್ನೇ. ಸೋಲಿನಂತೆ ಕಂಡದ್ದನ್ನು ಮುಚ್ಚುವುದು ಅವರ ರೂಢಿ, ಫ್ಯಾಷನ್ ಶಾಲೆಗಳು ಹುಡುಕುವುದು ಅದನ್ನೇ ಎಂದು ಅವರಿಗೆ ತಿಳಿದಿರುವುದಿಲ್ಲ.

ಅದೇ ಕರಡು ಪ್ಯಾಟರ್ನ್ (ಉಡುಪಿನ ಭಾಗಗಳ ನಮೂನೆ) ಕತ್ತರಿಸಿ ಗೊತ್ತಿರುವ ಓದುಗರ ಕೈಗೆ ಹೋದರೆ ಒಂದಕ್ಷರವೂ ಬದಲಾಗದೆ ಹಿಂದಿರುಗುತ್ತದೆ, ಜೊತೆಗೆ ಪ್ರಶ್ನೆಗಳಿರುತ್ತವೆ. ಪರದೆ ಯಾವ ಬಟ್ಟೆಯದು, ಎಷ್ಟು ದಪ್ಪ? ಹಾಸಿನ ಎಳೆ ಉದ್ದಕ್ಕೆ ಬರುವಂತೆ ಕತ್ತರಿಸಿದಿರೋ, ಬಟ್ಟೆ ಸಾಲದೆ ಅಡ್ಡಕ್ಕೋ? ತೋಳು ಎಲ್ಲಿ ಸರಿಬರಲಿಲ್ಲ: ಭುಜದ ಮೇಲೋ, ಕಂಕುಳಲ್ಲೋ? ಮತ್ತೆ ಹೊಲಿದಾಗ ಏನನ್ನು ಎಷ್ಟು ಬದಲಿಸಿದಿರಿ? ಜಾಕೆಟ್ ಯಾರಿಗೆ? ಈ ಪ್ರಶ್ನೆಗಳಿಗೆ ಉತ್ತರಿಸುತ್ತಾ ಅರ್ಜಿದಾರರೇ ಬರೆಯುವ ಎರಡನೇ ಕರಡು ಹೀಗಾಗಬಹುದು (ಆರ್ಮ್‌ಹೋಲ್ ಎಂದರೆ ತೋಳು ಕೂರಿಸುವ ತೆರಪು, ತೋಳಿನ ತಲೆ ಎಂದರೆ ತೋಳಿನ ಮೇಲ್ತುದಿಯ ದುಂಡನೆ ಭಾಗ, ಮಸ್ಲಿನ್ ಮಾದರಿ ಎಂದರೆ ಅಗ್ಗದ ಬಟ್ಟೆಯಲ್ಲಿ ಮೊದಲು ಹೊಲಿದು ನೋಡುವ ಪ್ರತಿ): "ಪರದೆಯ ಬಟ್ಟೆ ದಪ್ಪ. ಕೈ ಸಲೀಸಾಗಿ ಆಡಲಿ ಎಂದು ಆರ್ಮ್‌ಹೋಲನ್ನು 3 ಸೆಂ.ಮೀ. ಕೆಳಗಿಳಿಸಿದೆ. ಕೈ ಎತ್ತಿದರೆ ಇಡೀ ಜಾಕೆಟ್ಟೇ ಮೇಲೇರಿತು. ಎರಡನೇ ಮಸ್ಲಿನ್ ಮಾದರಿಯಲ್ಲಿ ಆರ್ಮ್‌ಹೋಲನ್ನು 2 ಸೆಂ.ಮೀ. ಮೇಲಕ್ಕೆ ತಂದು, ತೋಳಿನ ತಲೆಯ ಎತ್ತರ ತಗ್ಗಿಸಿದೆ. ಈಗ ಕೈ ಎತ್ತಿದರೂ ಕೆಳಗಿನ ಅಂಚು ಹೆಚ್ಚು ಕದಲುವುದಿಲ್ಲ, ಆದರೆ ಕೈ ಇಳಿಸಿದಾಗ ಕಂಕುಳಲ್ಲಿ ಮಡಿಕೆ ಬೀಳುತ್ತದೆ. ಮಡಿಕೆಯನ್ನು ಹಾಗೇ ಬಿಟ್ಟೆ. ಇದು ಮೇಲಿನ ಕಪಾಟಿನಿಂದ ದಿನವಿಡೀ ಸಾಮಾನು ಇಳಿಸುವವರ ಜಾಕೆಟ್."

ಇಲ್ಲಿ ತಾಳ್ಮೆ ಎಂಬ ಪದ ಬೇಕಾಗಲೇ ಇಲ್ಲ. ಆರ್ಮ್‌ಹೋಲ್ ಕೆಳಗಿದ್ದಷ್ಟೂ ಕೈಗೆ ಜಾಗ ಹೆಚ್ಚು ಎಂದು ಹೊಸಬರು ಭಾವಿಸುತ್ತಾರೆ. ಆಗುವುದು ಉಲ್ಟಾ: ತೋಳು ಮೈಯ ಬದಿಗೆ ಕೆಳಗೆ ಅಂಟಿದಷ್ಟೂ ಕೈಯೆತ್ತಿದಾಗ ಪಕ್ಕದ ಹೊಲಿಗೆಯನ್ನೇ ಎಳೆಯುತ್ತದೆ. ಈ ಅರ್ಜಿದಾರರು ಅದನ್ನು ತಾವಾಗಿ ಕಂಡುಕೊಂಡಿದ್ದಾರೆ, ಲಾಭದ ಜೊತೆ ನಷ್ಟವನ್ನೂ ಹೇಳಿದ್ದಾರೆ, ಯಾವುದನ್ನು ಉಳಿಸಿಕೊಳ್ಳಬೇಕೆಂದು ತೊಡುವವರನ್ನು ನೋಡಿ ತೀರ್ಮಾನಿಸಿದ್ದಾರೆ. ವಿನ್ಯಾಸಕಾರರ ಬುದ್ಧಿ ಎಂದರೆ ಇದೇ, ಮತ್ತು ಇದು ಕರಡಿನೊಳಗೇ ಅಡಗಿತ್ತು. ಒಳ್ಳೆಯ ಸೇವೆ ಅದನ್ನು ಹೊರಗೆ ತರುತ್ತದೆ.

ಸೇವೆ ಒಳ್ಳೆಯದೋ ಅಲ್ಲವೋ ಎಂದು ಪೂರ್ತಿ ದುಡ್ಡು ಕೊಡುವ ಮೊದಲೇ ತಿಳಿಯಬಹುದು. ನೂರೈವತ್ತು ಪದಗಳ ಒಂದು ತುಣುಕು ಕಳಿಸಿ, ಅದರಲ್ಲಿ ಬೇಕೆಂದೇ ಒಂದು ತಾಂತ್ರಿಕ ತಪ್ಪು ಇಡಿ. ಉದಾಹರಣೆಗೆ, ಕ್ರಾಸ್ ಕಟಿಂಗ್ ಮಾಡಿದ ಲಂಗವನ್ನು ಹೊಲಿದ ಕೂಡಲೇ ಕೆಳ ಅಂಚು ಮಡಿಚಿದೆ, ಅಂಚು ನೇರವಾಗಿ ನಿಂತಿತು ಎಂದು ಬರೆಯಿರಿ. ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೇ ಇಳಿಯುತ್ತದೆ, ಎಲ್ಲ ಕಡೆ ಒಂದೇ ಸಮನೆ ಇಳಿಯುವುದೂ ಇಲ್ಲ. ಅದಕ್ಕೇ ಕನಿಷ್ಠ ಒಂದು ದಿನ ತೂಗುಹಾಕಿ, ಆಮೇಲೆ ಅಂಚನ್ನು ಸಮ ಮಾಡಿ ಮಡಿಚುತ್ತಾರೆ. ತಜ್ಞರು ಓದುತ್ತಾರೆ ಎಂದು ಹೇಳಿಕೊಳ್ಳುವ ಸೇವೆ ಈ ತಪ್ಪನ್ನು ಹಿಡಿಯದೆ ಕ್ರಿಯಾಪದಗಳನ್ನಷ್ಟೇ ತಿದ್ದಿ ಕಳಿಸಿದರೆ, ಓದಿದವರಿಗೆ ಬಟ್ಟೆ ಗೊತ್ತಿಲ್ಲ.

ವಿನ್ಯಾಸಕಾರರ ಹೆಸರುಗಳ ವಿಷಯದಲ್ಲೂ ಸೇವೆಯ ಗುಣ ಬಯಲಾಗುತ್ತದೆ. ಕಳಪೆ ಸೇವೆ ಕೊನೆಯ ಪ್ಯಾರಾದಲ್ಲಿ ಮೂರು ನಾಲ್ಕು ದೊಡ್ಡ ಹೆಸರು ಸೇರಿಸಿ, ಇವರೆಲ್ಲ ನನಗೆ ಸ್ಫೂರ್ತಿ ಎಂದು ಮುಗಿಸಿಬಿಡುತ್ತದೆ. ಒಳ್ಳೆಯ ಓದುಗರು ಒಂದೇ ಹೆಸರು ಉಳಿಸಿ, ಇವರ ಯಾವ ಕೆಲಸ ನಿಮ್ಮ ಯಾವ ಕೆಲಸವನ್ನು ಬದಲಿಸಿತು ಎಂದು ಕೇಳುತ್ತಾರೆ. ಉದಾಹರಣೆಗೆ, ಜಪಾನಿನ ವಿನ್ಯಾಸಕಾರ ಇಸ್ಸೆ ಮಿಯಾಕೆ ಅವರ ನೆರಿಗೆ ಉಡುಪುಗಳ ಸಾಲು ಪ್ಲೀಟ್ಸ್ ಪ್ಲೀಸ್ 1993ರಲ್ಲಿ ಶುರುವಾಯಿತು. ಅಲ್ಲಿ ನೆರಿಗೆ ಹಿಡಿದ ಬಟ್ಟೆ ತಂದು ಹೊಲಿಯುವುದಿಲ್ಲ. ಉಡುಪನ್ನು ಬಹಳ ದೊಡ್ಡದಾಗಿ ಹೊಲಿದು, ಆಮೇಲೆ ನೆರಿಗೆ ಕೂರಿಸಿ ಅಳತೆಗೆ ತರುತ್ತಾರೆ. ಈ ಅದಲುಬದಲನ್ನು ಅರಿತ ಅರ್ಜಿದಾರರು ತಾವು ಒಂದು ಕೆಲಸದ ಕ್ರಮವನ್ನು ತಿರುಗಿಸಿ ನೋಡಿದ್ದನ್ನು ಬರೆದರೆ ಆ ಹೆಸರಿಗೆ ಅಲ್ಲಿ ಜಾಗವಿದೆ. ಇಲ್ಲದಿದ್ದರೆ ತೆಗೆದುಹಾಕಿ. ಸುಸ್ಥಿರತೆ ಎಂಬ ಪದಕ್ಕೂ ಇದೇ ಪರೀಕ್ಷೆ: ಎಷ್ಟು ಬಟ್ಟೆ ಉಳಿಸಿದಿರಿ, ಪ್ಯಾಟರ್ನ್ ತುಂಡುಗಳನ್ನು ಹೇಗೆ ಜೋಡಿಸಿದಿರಿ, ಉಳಿದ ಚೂರು ಏನಾಯಿತು ಎಂಬುದಿಲ್ಲದೆ ಆ ಪದ ಬರೆಯುವುದರಿಂದ ಏನೂ ಸಿಗದು.

ಎಐ ಸಾಧನಗಳ ಬಗ್ಗೆ. ಪ್ರಬಂಧವನ್ನು ಪೂರ್ತಿಯಾಗಿ ಅಥವಾ ಬಹುಪಾಲು ಎಐನಿಂದ ಬರೆಸಿ ಸ್ವಂತದ್ದೆಂದು ಕೊಟ್ಟರೆ ವಿಶ್ವವಿದ್ಯಾಲಯಗಳು ಮೋಸವೆಂದು ಪರಿಗಣಿಸಬಹುದು ಎಂದು ಯೂಕ್ಯಾಸ್ ಸ್ಪಷ್ಟವಾಗಿಯೇ ಹೇಳಿದೆ. ನಿಯಮ ಬದಿಗಿಟ್ಟರೂ ಫಲಿತಾಂಶ ದುರ್ಬಲ: ನಿಮ್ಮ ಜಾಕೆಟ್ಟಿನ ತೋಳು ಎಲ್ಲಿ ಎಳೆಯಿತೆಂದು ಸಾಧನಕ್ಕೆ ಗೊತ್ತಿಲ್ಲ, ಆದ್ದರಿಂದ ಅದು ಪರಂಪರೆ, ಆಧುನಿಕತೆ, ಪಯಣ ಎಂದು ಸುತ್ತು ಹೊಡೆಯುತ್ತದೆ. ಒಂದು ಕೆಲಸಕ್ಕೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಕರಡನ್ನು ಅಂಟಿಸಿ, ಏನನ್ನೂ ತಿದ್ದಬೇಡ, ಈ ಉಡುಪಿನ ಬಗ್ಗೆ ಓದುಗರಿಗೆ ಉತ್ತರ ಸಿಗದ ಹತ್ತು ಪ್ರಶ್ನೆ ಕೇಳು ಎಂದು ಹೇಳಿ. ಹತ್ತರಲ್ಲಿ ನಾಲ್ಕಾದರೂ ಉಪಯೋಗಕ್ಕೆ ಬಂದರೆ ಕೈಯಿಂದ ಉತ್ತರ ಬರೆಯಿರಿ. ಆದರೆ ನಿಮ್ಮ ಉತ್ತರದ ತಾಂತ್ರಿಕ ಸರಿತಪ್ಪನ್ನು ಅದರ ಕೈಯಲ್ಲಿ ತೀರ್ಮಾನ ಮಾಡಿಸಬೇಡಿ, ಅದಕ್ಕೆ ಹೊಲಿಗೆ ಬಲ್ಲವರು ಬೇಕು.

ಸೇವೆಗಳು ಸಾಮಾನ್ಯವಾಗಿ ಎಡವುವ ಇನ್ನೊಂದು ಜಾಗ, ಎಲ್ಲ ಕಡೆಗೂ ಆಗುವಂಥ ಒಂದೇ ಪ್ರಬಂಧ ಮಾಡಿಕೊಡುವುದು. ಹಾಗೆ ಆಗುವುದಿಲ್ಲ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಅಮೆರಿಕದ ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 250ರಿಂದ 650 ಪದಗಳ ಮಿತಿ, ಅದು ವ್ಯಕ್ತಿಯ ಬಗ್ಗೆ. ಫ್ಯಾಷನ್ ಅದರೊಳಗೆ ಬರಬಹುದು, ಬರಲೇಬೇಕೆಂದಿಲ್ಲ. ಪಾರ್ಸನ್ಸ್ ಅರ್ಜಿಯ ಭಾಗವಾದ ಪಾರ್ಸನ್ಸ್ ಚಾಲೆಂಜ್‌ನಲ್ಲಿ ಪೋರ್ಟ್‌ಫೋಲಿಯೊದ ಒಂದು ಕೆಲಸದಿಂದ ಹೊಸದೊಂದನ್ನು ಮಾಡಿ, ಯೋಚನೆ ಬೆಳೆದ ದಾರಿಯನ್ನು 500 ಪದಗಳ ಪ್ರಬಂಧದಲ್ಲಿ ಹೇಳಬೇಕು. ಮೇಲಿನ ಜಾಕೆಟ್ಟಿನ ಪ್ಯಾರಾದಂಥದ್ದು ನೇರವಾಗಿ ಕೂರುವುದು ಅಲ್ಲೇ. ಯೂಕ್ಯಾಸ್‌ನಲ್ಲಿ 2026ರ ಪ್ರವೇಶದಿಂದ ಒಂದೇ ಉದ್ದ ಬರಹದ ಬದಲು ಮೂರು ಪ್ರಶ್ನೆಗಳಿವೆ: ಈ ವಿಷಯ ಯಾಕೆ, ಓದು ನಿಮ್ಮನ್ನು ಹೇಗೆ ಸಜ್ಜುಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು ಮಿತಿ ಖಾಲಿ ಜಾಗ ಸೇರಿ 4000 ಅಕ್ಷರ, ಪ್ರತಿ ಉತ್ತರಕ್ಕೂ ಕನಿಷ್ಠ 350. ಇಂದಿಗೂ ಒಂದೇ ಉದ್ದ ಬರಹದ ಹಳೆಯ ನಮೂನೆಯಲ್ಲೇ ತಿದ್ದಿಕೊಡುವವರಿದ್ದರೆ ಅವರು ನಿಯಮ ಓದಿಲ್ಲ. ಅಲ್ಲಿ ಒಂದೇ ಬರಹ ಐದು ಆಯ್ಕೆಗಳವರೆಗೂ ಹೋಗುತ್ತದೆ, ಹಾಗಾಗಿ ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲೇ ಓದುವುದು ನನ್ನ ಕನಸು ಎಂಬ ಸಾಲನ್ನು ಹೆಸರು ಹಿಡಿದು ಸೇರಿಸಿದರೆ ಉಳಿದ ನಾಲ್ವರು ಅದನ್ನು ಓದುತ್ತಾರೆ. ಒಂದೇ ಶಾಲೆಗೆ ಬರೆಯುವ ಪತ್ರದಲ್ಲಾದರೆ ಹೆಸರು ಬೇಕು, ಆ ಕೋರ್ಸಿನ ಯಾವ ಭಾಗಕ್ಕೆ ನಿಮ್ಮ ಕೆಲಸ ಹೊಂದುತ್ತದೆ ಎಂಬುದೂ ಬೇಕು: ನಿಟ್‌ವೇರೋ, ಪ್ರಿಂಟೋ, ಪುರುಷರ ಉಡುಪೋ.

ಬೆಲೆಯ ವಿಷಯದಲ್ಲಿ ಒಂದು ಮಾತು ಸಾಕು. ಪದಕ್ಕಿಷ್ಟು ಎಂದು ಎಣಿಸುವವರು ವಾಕ್ಯಗಳನ್ನು ನೋಡುತ್ತಾರೆ, ಒಂದು ಸುತ್ತಿನ ಓದಿಗಿಷ್ಟು ಎನ್ನುವವರು ಕರಡನ್ನು ನೋಡುವ ಸಂಭವ ಹೆಚ್ಚು. ಎರಡು ಸುತ್ತು ಕೊಳ್ಳಿ, ಮೂರನೆಯದು ಬೇಡ. ಅಷ್ಟರ ಮೇಲೆ ದನಿ ಅವರದಾಗುತ್ತದೆ. ಮೊದಲ ಸುತ್ತಿಗೆ ಕೊನೆಯ ದಿನಾಂಕಕ್ಕಿಂತ ಐದು ವಾರ ಮೊದಲು ಕಳಿಸಿದರೆ, ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಲು ಮಸ್ಲಿನ್ ಮಾದರಿಯನ್ನು ಮತ್ತೆ ತೊಡಿಸಿ ನೋಡುವಷ್ಟು ಸಮಯ ಉಳಿಯುತ್ತದೆ. ಎರಡನೆಯ ಸುತ್ತು ಎರಡು ವಾರ ಮೊದಲು. ಇಪ್ಪತ್ತನಾಲ್ಕು ಗಂಟೆಯಲ್ಲಿ ಮುಗಿಸುತ್ತೇವೆ ಎಂಬ ಆಸೆಗೆ ಬೀಳಬೇಡಿ. ಅಷ್ಟರಲ್ಲಿ ಆಗುವುದು ಕಾಗುಣಿತ ಮಾತ್ರ, ಅದನ್ನು ಸ್ನೇಹಿತರೂ ಮಾಡಿಕೊಡುತ್ತಾರೆ.

ತಿದ್ದುಪಡಿ ಬಂದ ಮೇಲೆ ಪ್ರತಿ ವಾಕ್ಯಕ್ಕೂ ಒಂದು ಗುರುತು ಹಾಕಿ: ಸಂದರ್ಶನದಲ್ಲಿ ಇದನ್ನು ಬಿಡಿಸಿ ಹೇಳಿ ಎಂದರೆ ಎರಡು ನಿಮಿಷ ಮಾತಾಡಬಲ್ಲಿರಾ? ಆಗದ ವಾಕ್ಯ ಎಷ್ಟೇ ಚೆಂದವಿದ್ದರೂ ನಿಮ್ಮದಲ್ಲ, ತೆಗೆಯಿರಿ. ಜಾಗ ಸಾಲದಿದ್ದರೆ ಮೊದಲು ಹೋಗಬೇಕಾದ್ದು ಬಾಲ್ಯ, ಆಮೇಲೆ ವಿಶೇಷಣಗಳು. ಅಳತೆ, ಬಟ್ಟೆಯ ಹೆಸರು, ಬಿಚ್ಚಿದ ಕಾರಣ ಕೊನೆವರೆಗೂ ಉಳಿಯಬೇಕು. ಕೊನೆಯ ಎಣಿಕೆಯನ್ನು ಬರಹದ ತಂತ್ರಾಂಶದಲ್ಲಿ ಮಾಡದೆ ಅರ್ಜಿಯ ಪೆಟ್ಟಿಗೆಯಲ್ಲೇ ಅಂಟಿಸಿ ನೋಡಿ. ದಪ್ಪಕ್ಷರ, ಓರೆ ಅಕ್ಷರಗಳು ಅಲ್ಲಿ ಉಳಿಯದಿರಬಹುದು, ಎಣಿಕೆಯೂ ವ್ಯತ್ಯಾಸವಾಗಬಹುದು. ಹಳೆಯ ಕರಡುಗಳನ್ನು, ಮಸ್ಲಿನ್ ಮಾದರಿಯ ಫೋಟೊಗಳನ್ನು ದಿನಾಂಕದ ಸಮೇತ ಇಟ್ಟುಕೊಳ್ಳಿ. ಬರಹ ಸ್ವಂತದ್ದೇ ಎಂಬ ಪ್ರಶ್ನೆ ಬಂದರೆ ತೋರಿಸಲು ಅವು ಬೇಕಾಗುತ್ತವೆ.