ಸ್ವಂತ ಅಳತೆಯ ಗಿಟಾರ್ ಸ್ಪೀಕರ್ ಕ್ಯಾಬಿನೆಟ್: ಮೂರು ವರ್ಷ ನುಡಿಸಿದ ಮೇಲೆ

ಮೊದಲು ನನ್ನ ಹತ್ತಿರ ಇದ್ದದ್ದು ಹಿಂಭಾಗ ತೆರೆದ ಕಾಂಬೋ ಆಂಪ್, ಅಂದರೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಡಬ್ಬದಲ್ಲಿರುವಂಥದ್ದು. ಮನೆಯಲ್ಲಿ ಚೆನ್ನಾಗೇ ಕೇಳಿಸುತ್ತಿತ್ತು. ಡ್ರಮ್ಸ್ ಶುರುವಾದರೆ ಮಾತ್ರ ದಪ್ಪ ತಂತಿ ಮಾಯ. ಬೇಸ್ ನಾಬ್ ಪೂರ್ತಿ ತಿರುಗಿಸಿದರೆ ಸದ್ದು ಮಬ್ಬಾಗುತ್ತಿತ್ತು, ಗಟ್ಟಿಯಾಗುತ್ತಿರಲಿಲ್ಲ. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಹಿಂಬದಿ ತೆರೆದಿದ್ದರೆ ಈ ಎರಡೂ ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ತೆಳು ತಂತಿಗೆ ಇದರಿಂದ ಅಷ್ಟು ನಷ್ಟವಿಲ್ಲ. ದಪ್ಪ ಇ ತಂತಿ 82 ಹರ್ಟ್ಸ್, ಅದರ ಅಲೆ ನಾಲ್ಕು ಮೀಟರ್‌ಗಿಂತ ಉದ್ದ. ಹೊಡೆತ ಬೀಳುವುದು ಅದಕ್ಕೇ.

ಹಾಗಾಗಿ 12 ಇಂಚಿನ ಸೆಲೆಷನ್ ವಿಂಟೇಜ್ 30 ಸ್ಪೀಕರ್ ಕೊಂಡೆ. ಅಡುಗೆಮನೆ ಕಪಾಟು ಮಾಡುವ ಬಡಗಿಯ ಹತ್ತಿರ 18 ಎಂಎಂ ಮರೈನ್ ಪ್ಲೈಯಲ್ಲಿ ಹಿಂಬದಿ ಮುಚ್ಚಿದ ಡಬ್ಬ ಕಟ್ಟಿಸಿದೆ. ಒಳಗೆ 44x40x26 ಸೆಂಟಿಮೀಟರ್, ಅಂದರೆ ಸುಮಾರು 45 ಲೀಟರ್. ಗಾಳಿ ಸೋರದ ಹಾಗೆ ಹಿಂಬದಿ ಹಲಗೆಗೆ 16 ಸ್ಕ್ರೂ ಹಾಕಿ ಅಂದಾಗ ಅವರು, "ಸಾರ್, ಒಳಗೇನು ಹುಲಿ ಇಡ್ತೀರಾ?" ಅಂದರು. ಮುಂದಿನ ಹಲಗೆಗೂ ಹಿಂದಿನದಕ್ಕೂ ನಡುವೆ ಒಂದು ಅಡ್ಡಪಟ್ಟಿ ಕೊಡಿಸಿದೆ. ಅದಿಲ್ಲದಿದ್ದರೆ ಹಲಗೆಯೇ ಡೋಲಿನ ಹಾಗೆ ಅದುರುತ್ತದೆ.

ಎಡವಿದ್ದು ಪೋರ್ಟ್‌ನಲ್ಲಿ, ಅಂದರೆ ಡಬ್ಬದ ಗಾಳಿ ಆಡಲು ಬಿಡುವ ತೂತಿನಲ್ಲಿ. ಮುಂದಿನ ಹಲಗೆಗೆ 4 ಇಂಚಿನ ಪಿವಿಸಿ ಪೈಪಿನ ತುಂಡು, 10 ಸೆಂಟಿಮೀಟರ್ ಉದ್ದದ್ದು, ಕೂರಿಸಿದೆ. ಲೆಕ್ಕದಲ್ಲಿ ಅದರ ಟ್ಯೂನಿಂಗ್, ಅಂದರೆ ಪೋರ್ಟ್ ಹೆಚ್ಚು ಬಲ ಕೊಡುವ ಸ್ವರ, 57 ಹರ್ಟ್ಸ್ ಹತ್ತಿರ. ಗಿಟಾರ್‌ನಲ್ಲಿ ಅಷ್ಟು ಕೆಳಗೆ ಸ್ವರವೇ ಇಲ್ಲವಲ್ಲ! ಪೈಪನ್ನು 4 ಸೆಂಟಿಮೀಟರ್‌ಗೆ ಕತ್ತರಿಸಿದೆ, 70ರ ಹತ್ತಿರ ಬಂತು. ಪಾಮ್ ಮ್ಯೂಟ್ ಮಾಡಿದರೆ (ಅಂಗೈಯಂಚನ್ನು ತಂತಿಗೆ ತಾಗಿಸಿ ನುಡಿಸಿದರೆ) ಈಗ ಸದ್ದು ಹೊಟ್ಟೆಗೆ ತಾಕುತ್ತದೆ. ನೀವು ಮಾಡಿಸುವುದಾದರೂ ಪೈಪು ಉದ್ದವೇ ಇರಲಿ. ಕತ್ತರಿಸಬಹುದು, ಬೆಳೆಸೋಕಾಗಲ್ಲ.

ಎರಡನೇ ವರ್ಷ ಎ ತಂತಿಯ ಮೂರನೇ ಫ್ರೆಟ್‌ನಲ್ಲಿ ಮಾತ್ರ ಜರ್ರ್ ಅನ್ನತೊಡಗಿತು. ಸ್ಪೀಕರ್ ಹರಿಯಿತೇನೋ ಅಂತ ಜೀವ ಬಾಯಿಗೆ ಬಂತು. ದೇವರ ಮನೆಯಿಂದ ಊದುಬತ್ತಿ ತಂದು, ಆ ಸ್ವರ ನುಡಿಸುತ್ತಾ ಸಂದಿಗಳ ಹತ್ತಿರ ತಮ್ಮನ ಕೈಲಿ ಹಿಡಿಸಿದೆ. ಎಲ್ಲ ಕಡೆ ನೆಟ್ಟಗೆ ಏರುತ್ತಿದ್ದ ಹೊಗೆ ಜಾಕ್ ಪ್ಲೇಟಿನ (ಕೇಬಲ್ ಚುಚ್ಚುವ ತಗಡಿನ) ಕೆಳಮೂಲೆಯಲ್ಲಿ ಅಲ್ಲಾಡಿತು. ಅಲ್ಲಿಂದ ಗಾಳಿ ಸೋರುತ್ತಿತ್ತು. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪ್ ಹಾಕಿದೆ, ಸದ್ದಡಗಿತು. ಸ್ಪೀಕರ್ ಬೋಲ್ಟ್‌ಗಳೂ ಸಡಿಲವಾಗುತ್ತವೆ, ಆರು ತಿಂಗಳಿಗೊಮ್ಮೆ ಬಿಗಿ ಮಾಡುತ್ತೇನೆ.

ಕೊರತೆಗಳೂ ಇವೆ. ಗೋಡೆ ಮೂಲೆಯಲ್ಲಿಟ್ಟರೆ ಬೇಸ್ ಜಾಸ್ತಿಯಾಗಿ ಗುಂಯ್ ಅನ್ನುತ್ತದೆ. ನಮ್ಮ ಬೇಸ್ ಗಿಟಾರಿಸ್ಟ್ ಅಂತೂ "ನನ್ನ ಜಾಗಕ್ಕೆ ಬರಬೇಡ" ಅಂತ ಬೈದ. ಈಗ ಬೇಸ್ ನಾಬ್ ಮೂರರ ಮೇಲೆ ಹೋಗಲ್ಲ. ಒಂದು ದಿನ ಅವನು ತನ್ನ ಬೇಸ್ ಗಿಟಾರನ್ನೇ ಇದಕ್ಕೆ ಜೋಡಿಸಲು ಹೊರಟಿದ್ದ, ತಡೆದೆ. ಅದರ ಇ ತಂತಿ 41 ಹರ್ಟ್ಸ್. ಟ್ಯೂನಿಂಗ್‌ಗಿಂತ ಅಷ್ಟು ಕೆಳಗೆ ಕೋನ್‌ಗೆ (ಸ್ಪೀಕರಿನ ಅದುರುವ ಭಾಗಕ್ಕೆ) ಗಾಳಿಯ ತಡೆಯೇ ಇರಲ್ಲ, ಸುಮ್ನೆ ಹೊಯ್ದಾಡಿ ಹಾಳಾಗುತ್ತದೆ.

ತೂಕ ಸುಮಾರು 17 ಕೆಜಿ. ಮೇಲೆ ಒಂದೇ ಹಿಡಿಕೆ ಇಟ್ಟದ್ದು ನನ್ನದೇ ತಪ್ಪು. ಪ್ರಾಕ್ಟೀಸ್ ರೂಮ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.