ಗೊರಸಿಗೆ ಕಪ್ಪು ಎಣ್ಣೆ ಹಚ್ಚಿದ ಕುದುರೆ ಕೊಳ್ಳುವ ಮುಂಚೆ ಇದನ್ನು ಓದಿ

ಬೀದರ್, ಕಲಬುರಗಿ ಕಡೆ ಮದುವೆ ಮೆರವಣಿಗೆಗೆ ಕುದುರೆ ಕೊಳ್ಳೋಕೆ ಹೊರಟವರು ದಯವಿಟ್ಟು ಓದಿ. ನನಗೆ ಕುದುರೆ ಮಾರಿದವನ ಹೊಲದಲ್ಲಿ ಈಗ ಇನ್ನೊಂದು ಕುದುರೆ ಕಟ್ಟಿದ್ದಾರಂತೆ. ನನ್ನ 85,000 ರೂಪಾಯಿ ಹೋದ ಹಾಗೆ ಇನ್ನೊಬ್ಬರದು ಹೋಗಬಾರದು.

ನಾನು ಕೊಂಡಿದ್ದು ಬಿಳಿ ಹೆಣ್ಣು ಕುದುರೆ. ಮೈ ಮಿರಮಿರ ಮಿಂಚುತ್ತಿತ್ತು. ನಾಲ್ಕೂ ಗೊರಸಿಗೆ ಕಪ್ಪು ಎಣ್ಣೆ ಹಚ್ಚಿದ್ದರು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದುಕೊಂಡೆ. ಉತ್ತ ಹೊಲದ ಮೆತ್ತನೆ ಮಣ್ಣಿನಲ್ಲಿ ಓಡಿಸಿ ತೋರಿಸಿದರು. ರೋಡ್ ಮೇಲೆ ಒಂದು ಸುತ್ತು ನಡೆಸಿ ಅಂದೆ. "ಡಾಂಬರ್ ಮ್ಯಾಲ ಲಾಳ ಜಾರ್ತಾವ್ರಿ ಅಣ್ಣಾರ, ಕುದುರಿ ಬಿದ್ರ ಯಾರ ಜವಾಬ್ದಾರಿ?" ಅಂದ. ಸುಮ್ಮನಾದೆ. ಮೆರವಣಿಗೆ ಕುದುರೆ ನಡೆಯೋದೇ ಡಾಂಬರ್ ಮೇಲೆ ಅಲ್ವಾ? ಆ ಮಾತು ಆಗ ನನ್ನ ಬಾಯಿಗೆ ಬರಲೇ ಇಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಬೆಳಿಗ್ಗೆ ಅದು ಮುಂಗಾಲು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು. ತಿರುಗಿಸಿದರೆ ಮುಳ್ಳಿನ ಮೇಲೆ ಇಟ್ಟ ಹಾಗೆ ಕಾಲಿಡುತ್ತಿತ್ತು. ಫೋನ್ ಮಾಡಿದೆ. "ದಾರಿ ದಣಿವು ರೀ. ಜ್ವಾಳ ಜಾಸ್ತಿ ಹಾಕ್ರಿ, ದಿನಾ ಒಂದ್ ತಾಸು ನಡೆಸ್ರಿ" ಅಂದ. ನಂಬಿದೆ. ಜೋಳ ಹಾಕಿದೆ, ನಡೆಸಿದೆ. ಐದನೇ ದಿನ ಮಲಗಿದ್ದು ಏಳಲಿಲ್ಲ.

ಡಾಕ್ಟರ್ ಬಂದು ನನ್ನ ಕೈಯನ್ನು ಗೊರಸಿನ ಮೇಲೆ ಇಡಿಸಿದರು. ಕಾದ ತವೆಯ ಹಾಗೆ ಬಿಸಿ. ಗೊರಸಿನ ಮೇಲ್ಗಡೆ ನಾಡಿ ಟಕ್ ಟಕ್ ಬಡಿಯುತ್ತಿತ್ತು. ಸೋಪು ನೀರಲ್ಲಿ ತಿಕ್ಕಿದರು. ಕಪ್ಪು ಹೋದ ಮೇಲೆ ಕಂಡವು ನೋಡಿ ಉಂಗುರಗಳು, ಮುಂದೆ ಒತ್ತೊತ್ತಾಗಿ, ಹಿಮ್ಮಡಿ ಕಡೆ ಅಗಲವಾಗಿ. ಲ್ಯಾಮಿನೈಟಿಸ್, ಅದೂ ಹಳೇದು. ಗೊರಸಿನ ಗೋಡೆಗೆ ಒಳಗಿನ ಮೂಳೆಯನ್ನು ಹಿಡಿದಿಡುವ ಪದರವೇ ಬಾತುಕೊಳ್ಳುವ ರೋಗ. ನೋವಿನ ಇಂಜೆಕ್ಷನ್ ಕೊಟ್ಟು ಓಡಿಸಿರಬೇಕು ಅಂದರು. ಕಾಳು ಜಾಸ್ತಿಯಾದರೆ ಕೆರಳುವ ರೋಗ ಇದು, ನಾನು ಕಾಳೇ ಸುರಿದಿದ್ದೆ! ನಡೆಸಿದರೆ ಆ ಪದರ ಇನ್ನೂ ಹರಿಯುತ್ತದೆ, ನಾನು ದಿನಾ ನಡೆಸಿದ್ದೆ. ಶುರುವಿನಲ್ಲೇ ಕರೆದಿದ್ದರೆ ಗೊರಸನ್ನು ಐಸ್ ನೀರಿನಲ್ಲಿ ಇಟ್ಟು ನೋಡಬಹುದಿತ್ತಂತೆ.

ಮತ್ತೆ ಫೋನ್ ಮಾಡಿದಾಗ ಅವನು ಏನಂದ ಗೊತ್ತಾ? "ನಮ್ಮಲ್ಲಿ ಇದ್ದಾಗ ಮಸ್ತ್ ಓಡ್ತಿತ್ತು. ನೀವೇ ಜ್ವಾಳ ಹಾಕಿ ಕೆಡಿಸೀರಿ." ಜೋಳ ಹಾಕಿ ಅಂದವನೇ ಅವನು! ಆಮೇಲೆ ಫೋನ್ ಎತ್ತಲೇ ಇಲ್ಲ.

ಗೊರಸು ನೀವೇ ತೊಳೆದು ನೋಡಿ. ಡಾಂಬರ್ ಮೇಲೆ ನಡೆಸಿ, ಎರಡೂ ಕಡೆ ತಿರುಗಿಸಿ. ಒಪ್ಪದಿದ್ದರೆ ಎದ್ದು ಬನ್ನಿ. ಮೂರು ದಿನ ಬಿಟ್ಟು, ಹೇಳದೆ ಇನ್ನೊಮ್ಮೆ ಹೋಗಿ ನೋಡಿ. ಅವನ ಡಾಕ್ಟರ್ ಬೇಡ, ನಿಮ್ಮವರನ್ನು ಕರೆದೊಯ್ಯಿರಿ. ಕಾಲು ಚಾಚಿ ನಿಂತಿದ್ದು ಕಂಡರೆ ಕಾಳು ನಿಲ್ಲಿಸಿ, ನಡೆಸಬೇಡಿ, ಅವತ್ತೇ ಪಶು ವೈದ್ಯರ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನನ್ನ ಕುದುರೆ ಈಗ ದಪ್ಪ ಹುಲ್ಲಿನ ಹಾಸಿಗೆ ಮೇಲಿದೆ. ದಿನಕ್ಕೆ ಎರಡು ಸಲ ಎದ್ದು ನಿಲ್ಲುತ್ತದೆ, ಅಷ್ಟೇ.