ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಮೂರು ದಾರಿ, ಎರಡು ಮಂಡಿ

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿದ್ದಾಳೆ. ಹಾಗಾಗಿ ನಾನು, ನನ್ನ ಹೆಂಡತಿ ಮೂರು ಸಲ ಹೋಗಿದ್ದೇವೆ, ಮೂರು ಬೇರೆ ದಾರಿಯಲ್ಲಿ. ನೇರ ದೂರ ಸುಮಾರು 14,000 ಕಿ.ಮೀ. ದುಬೈ ಮೇಲೆ ಹೋದರೆ ಹತ್ತಿರ ಹತ್ತಿರ 15,700. ಫ್ರಾಂಕ್‌ಫರ್ಟ್ ಮೇಲೆ 16,500. ಟಿಕೆಟ್ ಹುಡುಕುವಾಗ ನಾನೂ ಈ ಲೆಕ್ಕವನ್ನೇ ಹಿಡಿದು ಕೂತಿದ್ದೆ. ನನ್ನ ಮಂಡಿಗೆ ಈ ಲೆಕ್ಕ ಎಲ್ಲಿ ಗೊತ್ತಾಗಬೇಕು?

ಮೊದಲ ಸಲ ದುಬೈ. ವಿಮಾನ ಬೆಳಗಿನ ಜಾವಕ್ಕೆ, ಮನೆ ಬಿಟ್ಟಿದ್ದು ರಾತ್ರಿ 11ಕ್ಕೆ. ತಿಂಡಿ ಕೊಟ್ಟು, ತಟ್ಟೆ ತೆಗೆದುಕೊಂಡು ಹೋಗಿ, ಇನ್ನೇನು ನಿದ್ದೆ ಹತ್ತಬೇಕು ಅನ್ನುವಾಗ ಇಳಿಯುವ ಹೊತ್ತಾಯಿತು. ನಾಲ್ಕೇ ಗಂಟೆ. ಮುಂದಿನದು ಸುಮಾರು 16 ಗಂಟೆ! ಮಂಗಳೂರಿಗೆ ಹೊರಟವರು ಕುಣಿಗಲ್‌ನಲ್ಲೇ ಊಟಕ್ಕೆ ನಿಲ್ಲಿಸಿದ ಹಾಗೆ. ನಿದ್ದೆಯೂ ಕೆಟ್ಟಿತು, ದಾರಿಯೂ ಸವೆಯಲಿಲ್ಲ.

ನಾವು ನಿಲ್ಲದೆ ಹೋದ ವಿಮಾನ ಏರ್ ಇಂಡಿಯಾದ್ದು. 2021ರ ಜನವರಿಯಲ್ಲಿ ಶುರುವಾಗಿದ್ದು. ಅಲ್ಲಿಂದ ಬಂದ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ತಂದಿದ್ದರು. ನಾವು ಹೋಗುವಾಗ ಮಾತ್ರ ಎದುರಿನ ಪರದೆಯಲ್ಲಿ ವಿಮಾನ ಪೂರ್ವಕ್ಕೆ ಹೊರಟಿತ್ತು. "ಏನ್ರೀ, ಚೀನಾ ಕಡೆ ಹೋಗ್ತಿದೆಯಲ್ಲಾ?" ಅಂದಳು ಹೆಂಡತಿ. ಗೋಳದ ಮೇಲೆ ದಾರ ಇಟ್ಟು ಎಳೆದರೆ ಹತ್ತಿರದ ದಾರಿ ಧ್ರುವದ ಕಡೆಗೇ ಹೋಗುತ್ತದೆ, ನಿಜ. ಆದರೆ ಪೆಸಿಫಿಕ್ ಮೇಲೆ ಹೋದರೆ ಮೇಲಿನ ಜೋರು ಗಾಳಿ ಬೆನ್ನಿಗೆ ಸಿಗುತ್ತದೆ. ದೂರ ಜಾಸ್ತಿ, ಹೊತ್ತು ಕಡಿಮೆ. ಮಧ್ಯಾಹ್ನ ಊಟ ಮಾಡಿ ಹೊರಟವರು, 16 ಗಂಟೆ ಕೂತು, ಅದೇ ದಿನ ಸಂಜೆ ಇಳಿದೆವು. ದಿನಾಂಕ ರೇಖೆ ದಾಟಿದ್ದರ ಮಹಿಮೆ.

ಹೊತ್ತಿನ ಲೆಕ್ಕದಲ್ಲಿ ಇದೇ ಗೆದ್ದಿತು, ದುಬೈ ದಾರಿಗಿಂತ ಏಳೆಂಟು ಗಂಟೆ ಉಳಿತಾಯ. ಆದರೆ ಹತ್ತನೇ ಗಂಟೆಗೆ ಬೂಟು ಬಿಚ್ಚಿದ್ದೆ, ಇಳಿಯುವಾಗ ಕಾಲು ಒಳಗೆ ಹೋಗಲೇ ಇಲ್ಲ. ಹಿಮ್ಮಡಿ ತುಳಿದುಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ.

ಫ್ರಾಂಕ್‌ಫರ್ಟ್‌ನದು ಮೂರರಲ್ಲಿ ಉದ್ದದ ದಾರಿ, ಒಟ್ಟು 25 ಗಂಟೆ ಹಿಡಿಯಿತು. ಮತ್ತೆ ಸೆಕ್ಯುರಿಟಿ ಚೆಕ್. ಬೆಂಗಳೂರಲ್ಲಿ ಕೊಂಡ ನೀರಿನ ಬಾಟಲಿ ಅಲ್ಲೇ ಬಿಟ್ಟೆ. ನಡೆಯುವುದೂ ಸುಮ್ನೆ ಅಲ್ಲ, ಮುಗಿಯುವುದೇ ಇಲ್ಲ. ಆದರೆ ಮಂಡಿಗೆ ಬೇಕಾಗಿದ್ದೂ ಅದೇ ನಡಿಗೆ ಅಲ್ವಾ! ಹತ್ತು ಗಂಟೆ ಹಾರಾಟ, ಮೂರೂವರೆ ಗಂಟೆ ಬಿಡುವು, ಮತ್ತೆ ಹನ್ನೊಂದೂವರೆ. ಇದು ಹಾಸನದಲ್ಲಿ ನಿಲ್ಲಿಸಿದ ಹಾಗೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಚಪಾತಿ, ಚಟ್ನಿಪುಡಿ ತಿಂದು, ಮುಖ ತೊಳೆದುಕೊಂಡು ಹತ್ತಿದೆವು. ಬೂಟು ಕೊನೆತನಕ ಕಾಲಲ್ಲೇ ಇತ್ತು.

ಮುಂದಿನ ವರ್ಷಕ್ಕೆ ನಮ್ಮಿಬ್ಬರಿಗೆ ಫ್ರಾಂಕ್‌ಫರ್ಟ್ ಅಂತ ಮಗಳಿಗೆ ಹೇಳಿದ್ದೇನೆ. ನಮ್ಮ ಅತ್ತಿಗೆ ಒಬ್ಬರೇ ಹೋಗುವುದಾದರೆ ಮಾತ್ರ ನಿಲ್ಲದ ವಿಮಾನ ಇದೆಯಾ ಅಂತ ಹುಡುಕುತ್ತೇನೆ. ಅವರಿಗೆ ಮಂಡಿ ನೋವಿಲ್ಲ, ಗೇಟು ತಪ್ಪುವ ಭಯ ಇದೆ.